ಮಾತು ಮೆಲ್ಲಗೆ, ಹೊಡೆದಾಟ ಜೋರು!

ರಾತ್ರಿ ಒಂಬತ್ತೂವರೆ. ನಡುಮನೆಯ ಟಿ.ವಿ.ಯಲ್ಲಿ ಸಿನಿಮಾ. ನಾಯಕಿ ಹೇಳಿದ್ದು ಅಜ್ಜಿಗೆ ಕೇಳಿಸಲಿಲ್ಲವೆಂದು ಮೊಮ್ಮಗ ವಾಲ್ಯೂಮ್ ಏರಿಸುತ್ತಾನೆ. ಮರುಕ್ಷಣವೇ ಹೊಡೆದಾಟ! ಕಿಟಕಿಯ ಗಾಜೂ ನಡುಗುತ್ತದೆ. ಒಳಗೆ ಪರೀಕ್ಷೆಗೆ ಓದುತ್ತಿದ್ದ ಅಕ್ಕ ಬಾಗಿಲು ತೆಗೆದು ರೇಗುತ್ತಾಳೆ. ತಪ್ಪು ಯಾರದು? ಅಜ್ಜಿಯ ಕಿವಿಯದೂ ಅಲ್ಲ, ಟಿ.ವಿ.ಯದೂ ಅಲ್ಲ.

ಸಿನಿಮಾದ ಧ್ವನಿಯನ್ನು ಹದಗೊಳಿಸುವುದು ಚಿತ್ರಮಂದಿರಕ್ಕಾಗಿ. ಅಲ್ಲಿ ಗೊತ್ತಾದ ಪರೀಕ್ಷಾ ಸದ್ದಿಗೆ ಮುಂದಿನ ಪ್ರತಿ ಸ್ಪೀಕರ್ ಆಸನದ ಬಳಿ 85 ಡೆಸಿಬೆಲ್ ಕೊಡುವಂತೆ ಸರಿಹೊಂದಿಸುವುದು ಪದ್ಧತಿ. ಸ್ಫೋಟದಂಥ ಸದ್ದುಗಳಿಗೆ ಅದಕ್ಕೂ ಮೇಲೆ 20 ಡೆಸಿಬೆಲ್ ಅವಕಾಶವಿರುತ್ತದೆ. ಮನೆಯಲ್ಲಾದರೋ ಫ್ಯಾನು, ರಸ್ತೆ, ನೆರೆಮನೆ! ಅಷ್ಟು ಜೋರಾಗಿ ಕೇಳುವಂತಿಲ್ಲ. ಮೆಲ್ಲಗಿಟ್ಟರೆ ಮಾತು ಫ್ಯಾನಿನ ಸದ್ದಿನಲ್ಲೇ ಮುಳುಗುತ್ತದೆ.

1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದೊಂದಿಗೆ ಚಿತ್ರಮಂದಿರಕ್ಕೆ ಬಂದ ಡಾಲ್ಬಿ ಡಿಜಿಟಲ್, ಮುಂದೆ ಡಿವಿಡಿಯ ಮೂಲಕ ಮನೆಗೂ ಬಂತು. ಇದರಲ್ಲಿ ಒಂದು ಜಾಣತನವಿದೆ. ಧ್ವನಿಯೊಂದಿಗೆ 'ಡಯಲ್‌ನಾರ್ಮ್' ಎಂಬ ಸಂಖ್ಯೆಯೂ ಸಾಗುತ್ತದೆ. ಡಿಜಿಟಲ್ ಧ್ವನಿಯ ಗರಿಷ್ಠ ಮಿತಿಯನ್ನು ಸೊನ್ನೆ ಎಂದಿಟ್ಟುಕೊಂಡರೆ, ಚಿತ್ರದ ಸಂಭಾಷಣೆ ಸರಾಸರಿ ಎಷ್ಟು ಡೆಸಿಬೆಲ್ ಕೆಳಗಿದೆ ಎಂಬುದನ್ನು ಅದು ತಿಳಿಸುತ್ತದೆ. ಇದು 1ರಿಂದ 31ರವರೆಗೆ ಇರಬಹುದು. ಮನೆಯ ಯಂತ್ರ 31ರಿಂದ ಈ ಸಂಖ್ಯೆಯನ್ನು ಕಳೆದು, ಉಳಿದಷ್ಟು ಡೆಸಿಬೆಲ್ ಧ್ವನಿಯನ್ನು ತಗ್ಗಿಸುತ್ತದೆ.

ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಒಂದು ಸಿನಿಮಾದ ಸಂಖ್ಯೆ 27, ತಗ್ಗುವುದು 4. ಇನ್ನೊಂದು ಕಾರ್ಯಕ್ರಮದ್ದು 20, ತಗ್ಗುವುದು 11. ಎರಡರ ಮಾತೂ ಈಗ ಒಂದೇ ಮಟ್ಟದಲ್ಲಿ! ಆದರೆ ಅಳತೆ ಮಾಡದೆ ಆ ಕಾರ್ಯಕ್ರಮಕ್ಕೂ 27 ಎಂದೇ ಬರೆದುಬಿಟ್ಟರೆ? ತಗ್ಗುವುದು ನಾಲ್ಕೇ. ಅದರ ಮಾತು ಉಳಿದವಕ್ಕಿಂತ 7 ಡೆಸಿಬೆಲ್ ಜೋರಾಗಿ ಕಿವಿಗೆ ಬಡಿಯುತ್ತದೆ. ಆದ್ದರಿಂದ ಪರಿವರ್ತನೆ ಮಾಡುವವರು ಸಂಭಾಷಣೆಯನ್ನು ಅಳೆದೇ ಸಂಖ್ಯೆ ಬರೆಯಬೇಕು.

ಇಲ್ಲೊಂದು ಮಾತು ಮರೆಯಬಾರದು. ಈ ಸಂಖ್ಯೆ ಇಡೀ ಧ್ವನಿಯನ್ನು ಒಟ್ಟಿಗೆ ತಗ್ಗಿಸುತ್ತದೆಯೇ ಹೊರತು, ಒಂದೇ ಚಿತ್ರದೊಳಗಿನ ಮಾತಿಗೂ ಹೊಡೆದಾಟಕ್ಕೂ ಇರುವ ಅಂತರವನ್ನು ಕಿರಿದಾಗಿಸುವುದಿಲ್ಲ. ಆ ಕೆಲಸ ಬೇರೊಂದು ಏರ್ಪಾಡಿನದು. ಅದು ಸಂಭಾಷಣೆಯ ಮಟ್ಟವನ್ನು ನಡುವಿಟ್ಟುಕೊಂಡು, ಮೆಲುದನಿಯನ್ನು ಎತ್ತಿ ಅಬ್ಬರವನ್ನು ಅದುಮುತ್ತದೆ. ನಡುವಿನ ಮಟ್ಟವೇ ತಪ್ಪಾದರೆ ಇದೂ ಕೆಡುತ್ತದೆ. ಹಲವು ಟಿ.ವಿ., ಪ್ಲೇಯರ್‌ಗಳಲ್ಲಿ ಇದಕ್ಕೆ 'ನೈಟ್ ಮೋಡ್' ಎಂಬ ಹೆಸರಿದೆ.

ಮತ್ತೊಂದು ಕಾರಣವೂ ಉಂಟು. 5.1 ಧ್ವನಿಯಲ್ಲಿ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರಿನದು. ಎರಡೇ ಸ್ಪೀಕರ್ ಇರುವ ಮನೆಯಲ್ಲಿ ನಡುವಿನ ಧ್ವನಿಯನ್ನು ಎಡ-ಬಲಕ್ಕೆ ಹಂಚದಿದ್ದರೆ ಮಾತೇ ಕಳೆದುಹೋಗುತ್ತದೆ. ಅಂಥ ಮನೆಯವರು ಧ್ವನಿಯ ಆಯ್ಕೆಯಲ್ಲಿ 'ಸ್ಟೀರಿಯೊ' ಆರಿಸಿಕೊಳ್ಳುವುದು ಲೇಸು.

ಪರೀಕ್ಷೆಯ ದಿನಗಳಲ್ಲಿ ಟಿ.ವಿ. ಪೂರ್ತಿ ಮುಚ್ಚಿಡುವ ಮನೆಗಳಿವೆ. ಅದೂ ಒಂದು ಉಪಾಯವೇ. ಆದರೆ ಸಂಜೆಯೆಲ್ಲ ಸಿನಿಮಾವೇ ಜೊತೆಯಾಗಿರುವ ಅಜ್ಜಿಗೆ ಅದು ಶಿಕ್ಷೆ. ವಾಲ್ಯೂಮ್ ಏರಿಸುವ ಮೊದಲು ಈ ಎರಡು ಆಯ್ಕೆಗಳನ್ನು ಹುಡುಕಿ ನೋಡಿದರೆ ಅಜ್ಜಿಗೆ ಮಾತೂ ಕೇಳಿಸೀತು, ಅಕ್ಕನ ಓದೂ ಸಾಗೀತು.