ಹನ್ನೆರಡು ಮೀಟುಗಳು

1971ನೆಯ ಇಸವಿ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದಲ್ಲಿ, ಜಿನೀವಾ ಸರೋವರದ ದಡದಲ್ಲಿದ್ದ ಕ್ಯಾಸಿನೋ ಭವನದಲ್ಲಿ, ಅಮೆರಿಕದ ಫ್ರಾಂಕ್ ಜಾಪ್ಪಾ ಮತ್ತು ಅವರ ತಂಡದವರ ಸಂಗೀತ ಕಚೇರಿ ನಡೆದಿತ್ತು. ಸಭಿಕರಲ್ಲಿ ಯಾರೋ ಒಬ್ಬನು ಬೆಂಕಿಯುಂಡೆ ಚಿಮ್ಮಿಸುವ ಸಂಕೇತದ ಪಿಸ್ತೂಲನ್ನು ಛಾವಣಿಯತ್ತ ಹಾರಿಸಿದನು. ಕಿಡಿ ಹೊತ್ತಿತು, ಹೊತ್ತಿದ್ದು ಹಬ್ಬಿತು. ಮಾಂಟ್ರೋ ಜಾಜ್ ಉತ್ಸವದ ಸ್ಥಾಪಕ ಕ್ಲೋಡ್ ನೋಬ್ಸ್ ಹೊಗೆಯ ನಡುವೆ ನುಗ್ಗಿ ಕೆಲವು ಯುವಕರನ್ನು ಹೊರಗೆ ಕರೆತಂದರು. ಜನರ ಪ್ರಾಣ ಉಳಿಯಿತು. ಭವನ ಮಾತ್ರ ಸುಟ್ಟು ಬೂದಿಯಾಯಿತು.

ಅದೇ ಭವನದಲ್ಲಿ ತಮ್ಮ ಹೊಸ ಹಾಡುಗಳನ್ನು ಮುದ್ರಿಸಿಕೊಳ್ಳಬೇಕೆಂದು ಬಂದಿದ್ದ ಇಂಗ್ಲೆಂಡಿನ ಐವರು ವಾದ್ಯಗಾರರು, ನೀರಿನ ಮೇಲೆ ಹರಡುತ್ತಿದ್ದ ಆ ಹೊಗೆಯನ್ನು ನೋಡುತ್ತ ನಿಂತರು. ಅವರ ತಂಡದ ಹೆಸರು ಡೀಪ್ ಪರ್ಪಲ್. ಧ್ವನಿಮುದ್ರಣದ ಯಂತ್ರಗಳನ್ನು ಹೊತ್ತ ವಾಹನವನ್ನು ರೋಲಿಂಗ್ ಸ್ಟೋನ್ಸ್ ತಂಡದವರಿಂದ ಬಾಡಿಗೆಗೆ ತಂದಾಗಿತ್ತು. ಈಗ ಬಾರಿಸಲು ಜಾಗವೇ ಇಲ್ಲ. ಊರಿನಲ್ಲಿ ಪೆವಿಲಿಯನ್ ಎಂಬ ನಾಟಕಶಾಲೆಯೊಂದು ಸಿಕ್ಕಿತು. ರಾತ್ರಿಯ ಹೊತ್ತು ಅಲ್ಲಿಂದ ಎದ್ದ ಸದ್ದಿಗೆ ನಿದ್ದೆಗೆಟ್ಟ ಊರಿನವರು ದೂರು ಕೊಟ್ಟರು, ಪೊಲೀಸರು ಬಂದರು. ತಂಡದ ಸಹಾಯಕರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದಿರಲು, ಒಳಗೆ ಒಂದು ಹಾಡಿನ ವಾದ್ಯಭಾಗ ಮುದ್ರಣಗೊಂಡು ಮುಗಿಯಿತು. ಆ ಹಾಡಿಗೆ ಮಾತುಗಳು ಕೂಡಿದ್ದು ಆಮೇಲೆ. ಬೇಸ್ ಗಿಟಾರಿನ ರಾಜರ್ ಗ್ಲೋವರ್ ಒಂದು ಬೆಳಿಗ್ಗೆ ನಿದ್ದೆಯಿಂದೇಳುವಾಗ ‘ಸ್ಮೋಕ್ ಆನ್ ದ ವಾಟರ್’ ಎಂಬ ಹೆಸರು ಅವರ ಬಾಯಿಗೆ ಬಂದಿತು. ಬೆಂಕಿಯ ಕಥೆಯೇ ಹಾಡಿನ ವಸ್ತುವಾಯಿತು.

ಆದರೆ ಇಂದು ಆ ಹಾಡಿನ ಕಥೆಯನ್ನು ಅರಿಯದವರೂ, ಹಾಡಿದವರ ಹೆಸರನ್ನು ಕೇಳದವರೂ, ಅದರ ಆರಂಭದ ಗಿಟಾರಿನ ನಾದವನ್ನು ಮಾತ್ರ ಬಲ್ಲರು. ಹಾಡಿನ ಮೊದಲಲ್ಲಿ ಹುಟ್ಟಿ, ನಡುನಡುವೆ ಮರಳಿ ಮರಳಿ ಬರುವ ಇಂಥ ಮಾತಿಲ್ಲದ ಪುಟ್ಟ ಸ್ವರಗುಚ್ಛಕ್ಕೆ ರಾಕ್ ಸಂಗೀತದಲ್ಲಿ ರಿಫ್ ಎಂದು ಹೆಸರು. ಗಿಟಾರನ್ನು ಕೈಗೆತ್ತಿಕೊಂಡ ಹೊಸಬನು ಮೊದಲ ದಿನವೇ ತಡವಿ ಕಂಡುಕೊಳ್ಳುವುದು ಹೆಚ್ಚಾಗಿ ಇದನ್ನೇ. ವಾದ್ಯದಂಗಡಿಯವರು ಇದನ್ನು ಕೇಳಿ ಕೇಳಿ ಬೇಸತ್ತಿರುವರೆಂಬುದು ಪಶ್ಚಿಮ ದೇಶಗಳಲ್ಲಿ ಹಳೆಯ ವಿನೋದ. ಆದುದರಿಂದಲೇ ತಿಳಿದವರು ಕೆಲವರು ಮೂಗು ಮುರಿಯುತ್ತಾರೆ: “ಒಂದು ದಿನದಲ್ಲಿ ಕಲಿಯಬಹುದಾದುದರಲ್ಲಿ ಹಿರಿಮೆ ಎಲ್ಲಿಂದ ಬಂದಿತು?”

ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಹುಡುಕಬೇಕಾದರೆ ಆ ಸ್ವರಗುಚ್ಛವನ್ನೇ ಬಿಡಿಸಿ ನೋಡಬೇಕು.

ಕರ್ಣಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಅದರಲ್ಲಿರುವುದು ನಾಲ್ಕೇ ಸ್ವರಗಳು: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ ಮತ್ತು ಪ್ರತಿ ಮಧ್ಯಮ. ಒಂದು ಸ್ಥಾಯಿಯ ಅರ್ಧವನ್ನೂ ಅದು ಮೀರುವುದಿಲ್ಲ. ಮೀಟುಗಳು ಒಟ್ಟು ಹನ್ನೆರಡು. ಅವು ಮೂರು ಗುಂಪುಗಳಾಗಿ ಬರುತ್ತವೆ: ಮೊದಲಿನದರಲ್ಲಿ ಮೂರು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಐದು. ಎಲ್ಲವೂ ಹದಿನಾರು ಎಣಿಕೆಗಳೊಳಗೆ, ಸುಮಾರು ಎಂಟೊಂಬತ್ತು ಸೆಕೆಂಡುಗಳಲ್ಲಿ ಮುಗಿದುಹೋಗುತ್ತವೆ.

ಇಷ್ಟು ಸಣ್ಣ ಅಂಗಳದಲ್ಲಿ ನಡೆಯುವ ವ್ಯವಹಾರವಾದರೂ ಏನು? ಮೊದಲ ಮೂರು ಮೀಟುಗಳು ತಾಳದ ಎಣಿಕೆಗಳ ಮೇಲೆಯೇ ಕಾಲೂರುತ್ತವೆ. ಕೇಳುವವನ ಪಾದ ತಾನಾಗಿ ತಾಳಕ್ಕೆ ಸೇರುತ್ತದೆ. ಆದರೆ ನಾಲ್ಕನೆಯ ಮೀಟು ಎಣಿಕೆಗಾಗಿ ಕಾಯದೆ, ಎರಡು ಎಣಿಕೆಗಳ ನಡುವೆಯೇ ನುಸುಳಿ ಬರುತ್ತದೆ. ಮೆಟ್ಟಿಲಿಳಿಯುವವನಿಗೆ ಒಂದು ಮೆಟ್ಟಿಲು ನಿರೀಕ್ಷೆಗಿಂತ ಮೊದಲೇ ಸಿಕ್ಕಂತೆ ಮನಸ್ಸು ಬೆಚ್ಚಿ ಎಚ್ಚರಗೊಳ್ಳುತ್ತದೆ. ಅದೇ ಎರಡನೆಯ ಗುಂಪಿನಲ್ಲಿ ಪ್ರತಿ ಮಧ್ಯಮವು ಒಂದೇ ಒಂದು ಬಾರಿ, ಕ್ಷಣಮಾತ್ರ, ಮಿಂಚಿ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಹನ್ನೆರಡು ಮೀಟುಗಳಲ್ಲಿ ಅದಕ್ಕೆ ದೊರೆತಿರುವುದು ಒಂದೇ ಸ್ಥಾನ. ಎರಡು ಬಾರಿ ಬಂದಿದ್ದರೆ ಅದರ ವಿಸ್ಮಯ ಅರ್ಧವಾಗುತ್ತಿತ್ತು. ಮೂರನೆಯ ಗುಂಪು ಮತ್ತೆ ಷಡ್ಜಕ್ಕೆ ಮರಳುತ್ತದೆ. ಮುಗಿದ ಸ್ಥಳವೇ ಆರಂಭದ ಸ್ಥಳವಾದುದರಿಂದ ಇನ್ನೊಮ್ಮೆ ಹೊರಡಬೇಕೆಂಬ ಬಯಕೆ ಆ ಮುಕ್ತಾಯದಲ್ಲಿಯೇ ಅಡಗಿದೆ.

ಇವೆಲ್ಲಕ್ಕಿಂತ ಮಿಗಿಲಾದುದು ಗುಂಪುಗಳ ನಡುವಿನ ವಿರಾಮ. ಅವಸರದ ಕೈ ಆ ತೆರವನ್ನು ಏನನ್ನಾದರೂ ಬಾರಿಸಿ ತುಂಬಲು ಹವಣಿಸುತ್ತದೆ. ರಿಫನ್ನು ಕಟ್ಟಿದ ರಿಚಿ ಬ್ಲಾಕ್‌ಮೋರ್ ಅತಿವೇಗದ ಬೆರಳುಗಳಿಗೆ ಹೆಸರಾದ ವಾದಕರು. ತುಂಬಬಲ್ಲ ಶಕ್ತಿ ಅವರಿಗೆ ಧಾರಾಳವಾಗಿತ್ತು. ತುಂಬದೆ ಬಿಟ್ಟದ್ದೇ ಅವರ ಹಿರಿಮೆ. ಬೀಥೋವನ್ನರ ಐದನೆಯ ಸಿಂಫನಿ 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ಕೇಳಿಸಿತು. ಜಗತ್ತೆಲ್ಲ ಬಲ್ಲ ಅದರ ಆರಂಭದಲ್ಲಿಯೂ ಇರುವುದು ನಾಲ್ಕೇ ಪೆಟ್ಟುಗಳು, ಎರಡೇ ಸ್ವರಗಳು. ಆ ಪೆಟ್ಟುಗಳಿಗೂ ಮೊದಲು ಅಲ್ಲಿ ಬರೆದಿರುವುದು ಒಂದು ಕಿರಿದಾದ ವಿರಾಮ! ಅದನ್ನು ಸುಲಭವೆಂದು ಯಾರೂ ಜರೆಯಲಿಲ್ಲ.

ಸ್ವರ ಮತ್ತು ಕಾಲಗಳ ಜತೆಗೆ ಮೂರನೆಯದೊಂದಿದೆ: ನಾದದ ಬಣ್ಣ. ಬ್ಲಾಕ್‌ಮೋರ್ ಇಲ್ಲಿ ಒಂದೊಂದೇ ಸ್ವರವನ್ನು ನುಡಿಸುವುದಿಲ್ಲ. ಪ್ರತಿಯೊಂದರ ಜತೆಗೂ ಕೆಳಗಿನ ಒಂದು ಸ್ವರ ಕೂಡಿ ಮೊಳಗುತ್ತದೆ. ಷಡ್ಜಕ್ಕೆ ಮಂದ್ರ ಪಂಚಮ ಜೊತೆಯಾಗುವ ಅಂತರವೇ ಕೊನೆಯವರೆಗೂ ನಡೆಯುತ್ತದೆ. ಮಧ್ಯಯುಗದ ಯೂರೋಪಿನ ಕ್ರೈಸ್ತ ದೇವಾಲಯಗಳಲ್ಲಿ ಎರಡು ಕಂಠಗಳು ಹೀಗೆಯೇ ಸಮಾನ ಅಂತರದಲ್ಲಿ ಜತೆಯಾಗಿ ಸಾಗುವ ಗಾಯನಪದ್ಧತಿಯಿತ್ತು. ಎರಡು ತಂತಿಗಳನ್ನೂ ಅವರು ಬೆರಳುಗಳಿಂದ ಒಮ್ಮೆಗೇ ಸೆಳೆಯುತ್ತಾರೆ. ಮೀಟುಕಡ್ಡಿಯಿಂದ ಎಳೆದರೆ ಒಂದು ತಂತಿ ಮುಂದಾಗಿ ಇನ್ನೊಂದು ಕೂದಲೆಳೆಯಷ್ಟು ಹಿಂದಾಗುತ್ತದೆ. ಬೆರಳಿನಿಂದ ಸೆಳೆದಾಗ ಎರಡೂ ಒಂದೇ ಉಸಿರಿನಲ್ಲಿ ನುಡಿಯುತ್ತವೆ. ಅಂಗಡಿಯಲ್ಲಿ ತಡವುವ ಹುಡುಗನ ಕೈಯಲ್ಲಿ ಅದೇ ಸ್ವರಗಳು ಬಂದರೂ ಅದೇ ಗಾಂಭೀರ್ಯ ಬಾರದಿರುವುದಕ್ಕೆ ಇದೂ ಒಂದು ಕಾರಣ.

ನಾದದ ಬಣ್ಣಕ್ಕಾಗಿ ವಾದ್ಯವನ್ನೇ ಗಾಯಗೊಳಿಸಿದವರೂ ಉಂಟು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್, ಹದಿನೇಳರ ಹರೆಯದ ಹುಡುಗ, ತನ್ನ ಪುಟ್ಟ ಧ್ವನಿವರ್ಧಕದ ಕಾಗದದ ಶಂಕುವನ್ನು ಬ್ಲೇಡಿನಿಂದ ಸೀಳಿದನು. ಒರಟಾದ, ಹರಿದ ನಾದ ಹೊಮ್ಮಿತು. ‘ಯು ರಿಯಲಿ ಗಾಟ್ ಮಿ’ ಹಾಡಿನ ರಿಫ್ ಪಕ್ಕಪಕ್ಕದ ಎರಡು ಸ್ಥಾನಗಳ ನಡುವಿನ ಓಡಾಟವಷ್ಟೆ. ಶುಭ್ರವಾದ ನಾದದಲ್ಲಿ ಅದು ಅಭ್ಯಾಸದ ಪಾಠದಂತೆ ಕೇಳುತ್ತಿತ್ತು. ಸೀಳಿದ ಶಂಕು ಅದಕ್ಕೆ ಹರೆಯದ ತಹತಹವನ್ನು ಕೊಟ್ಟಿತು.

ಮರುವರ್ಷ, 1965ರಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ನಿದ್ದೆಗಣ್ಣಿನಲ್ಲಿ ಒಂದು ರಿಫನ್ನು ಮುದ್ರಿಸಿಟ್ಟು ಮತ್ತೆ ಮಲಗಿದರಂತೆ. ಬೆಳಿಗ್ಗೆ ಆ ಟೇಪಿನಲ್ಲಿ ಸ್ವಲ್ಪ ಗಿಟಾರು, ಬಹಳಷ್ಟು ಗೊರಕೆ ಇತ್ತೆಂದು ಅವರೇ ಹೇಳಿಕೊಂಡಿದ್ದಾರೆ. ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನ ಆ ರಿಫ್‌ನಲ್ಲಿ ಮೂರೇ ಸ್ವರಗಳು: ಪಂಚಮ, ದೈವತ, ನಿಷಾದ. ಮೇಲೇರುತ್ತದೆ, ನಿಷಾದದವರೆಗೆ ಹೋಗುತ್ತದೆ, ಇನ್ನೊಂದು ಹೆಜ್ಜೆಯಿಟ್ಟರೆ ದೊರೆಯಬಹುದಾದ ತಾರ ಷಡ್ಜವನ್ನು ಮುಟ್ಟದೆಯೇ ಹಿಂದಿರುಗುತ್ತದೆ. ತೃಪ್ತಿ ದೊರೆಯದವನ ಅಳಲೇ ಹಾಡಿನ ವಸ್ತು. ಮಾತು ಹೇಳುವುದನ್ನು ಮೂರು ಸ್ವರಗಳು ಮೊದಲೇ ಹೇಳಿ ಮುಗಿಸಿರುತ್ತವೆ. ರಿಚರ್ಡ್ಸರಾದರೋ ಅದನ್ನು ತುತ್ತೂರಿಗಳಿಗಾಗಿ ಮೀಸಲಿಟ್ಟಿದ್ದರು. ನಾದವನ್ನು ಒರಟಾಗಿಸುವ ಫಜ್ ಪೆಟ್ಟಿಗೆಯಿಂದ ಗಿಟಾರಿನಲ್ಲಿ ನುಡಿಸಿದ್ದು ಕೇವಲ ತಾತ್ಕಾಲಿಕ ಗುರುತಿಗಾಗಿ. ಅದನ್ನು ಹಾಗೆಯೇ ಹೊರತರಲು ಅವರ ಮನಸ್ಸು ಒಪ್ಪಲಿಲ್ಲ. ಉಳಿದವರ ಮಾತು ಗೆದ್ದಿತು. ಅದೇ ವರ್ಷ ಓಟಿಸ್ ರೆಡಿಂಗ್ ಆ ಹಾಡನ್ನು ತುತ್ತೂರಿಗಳೊಡನೆ ಸೊಗಸಾಗಿಯೇ ಹಾಡಿದರು. ಆದರೂ ಲೋಕದ ಕಿವಿಯಲ್ಲಿ ಉಳಿದದ್ದು ಆ ತಾತ್ಕಾಲಿಕ ಗುರುತೇ.

ಡೀಪ್ ಪರ್ಪಲ್ ತಂಡದವರೂ ತಮ್ಮ ಹನ್ನೆರಡು ಮೀಟುಗಳ ಬೆಲೆಯನ್ನು ಕೂಡಲೇ ಅರಿಯಲಿಲ್ಲ. 1972ರಲ್ಲಿ ‘ಮೆಷಿನ್ ಹೆಡ್’ ತಟ್ಟೆ ಹೊರಬಂದಾಗ ಅವರು ನಂಬಿಕೆಯಿಟ್ಟು ಬಿಡಿಯಾಗಿ ಹೊರತಂದದ್ದು ‘ನೆವರ್ ಬಿಫೋರ್’ ಎಂಬ ಬೇರೆ ಹಾಡನ್ನು. ‘ಸ್ಮೋಕ್ ಆನ್ ದ ವಾಟರ್’ ಅಮೆರಿಕದಲ್ಲಿ ಬಿಡಿತಟ್ಟೆಯಾಗಿ ಮನೆಮಾತಾದದ್ದು 1973ರಲ್ಲಿ. ಕಷ್ಟಪಟ್ಟು ಕಟ್ಟಿದುದರ ಬೆಲೆ ಕಟ್ಟಿದವನಿಗೆ ಗೊತ್ತಿರುತ್ತದೆ. ಸಹಜವಾಗಿ ಒದಗಿಬಂದುದರ ಬೆಲೆ ಅವನಿಗೂ ಕಾಣದು.

ಸರಳ ರಿಫ್‌ನ ಕೊನೆಯ ಪರೀಕ್ಷೆ ಪುನರಾವೃತ್ತಿ. ಜಾಣತನ ಒಮ್ಮೆ ಕೇಳಿದಾಗ ಬೆರಗುಗೊಳಿಸಿ, ಹತ್ತನೆಯ ಬಾರಿಗೆ ಹಳಸುತ್ತದೆ. ‘ಸ್ಮೋಕ್ ಆನ್ ದ ವಾಟರ್’ನ ಆರಂಭದಲ್ಲಿ ಗಿಟಾರ್ ಮೊದಲು ಒಂಟಿಯಾಗಿ ನುಡಿಯುತ್ತದೆ. ಬಳಿಕ ಇಯಾನ್ ಪೇಸರ ಕಂಚಿನ ತಟ್ಟೆಗಳ ಸಣ್ಣ ಸದ್ದೂ ಜಾನ್ ಲಾರ್ಡರ ಆರ್ಗನ್ನೂ ಸೇರುತ್ತವೆ. ಅನಂತರ ಡ್ರಮ್ಮು, ಬೇಸು. ಸುತ್ತಲಿನ ಲೋಕ ತುಂಬುತ್ತ ಹೋಗುತ್ತದೆ. ನಡುವಿನ ಹನ್ನೆರಡು ಮೀಟುಗಳು ಒಂದಿಷ್ಟೂ ಬದಲಾಗುವುದಿಲ್ಲ. ಬದಲಾಗಬೇಕಾದ ಅಗತ್ಯವಿಲ್ಲದಿರುವುದೇ ಅವುಗಳ ಬಲ. ವೈಟ್ ಸ್ಟ್ರೈಪ್ಸ್ ತಂಡದ ಜ್ಯಾಕ್ ವೈಟ್ 2003ರಲ್ಲಿ ಹೊರಬಂದ ‘ಸೆವೆನ್ ನೇಷನ್ ಆರ್ಮಿ’ ಹಾಡಿಗಾಗಿ ಏಳೇ ಮೀಟುಗಳ ರಿಫನ್ನು ಕಟ್ಟಿದರು. ಕೆಲವು ತಿಂಗಳಲ್ಲಿ ಯೂರೋಪಿನ ಕಾಲ್ಚೆಂಡಿನ ಪ್ರೇಕ್ಷಕರು ಅದನ್ನು ಬರಿಯ ಬಾಯಿಂದ ಹಾಡತೊಡಗಿದರು. 2006ರ ವಿಶ್ವಕಪ್ ಗೆದ್ದ ಇಟಲಿಯ ಜನರಿಗೆ ಅದೇ ವಿಜಯಗೀತವಾಯಿತು. ಗಿಟಾರಿಲ್ಲ, ಮಾತಿಲ್ಲ, ಸಹಸ್ರ ಕಂಠಗಳು ಮಾತ್ರ. ಸಂಗೀತ ಕಲಿಯದವನ ಕಂಠಕ್ಕೂ ಎಟುಕುವಂತೆ ಕಟ್ಟುವುದು ಎಲ್ಲರಿಗೂ ಎಟುಕುವ ವಿದ್ಯೆಯಲ್ಲ.

ಆದುದರಿಂದ ಮನೆಯ ಹುಡುಗನೋ ಹುಡುಗಿಯೋ ಹೊಸ ಗಿಟಾರನ್ನು ಹಿಡಿದು ಸಂಜೆಯೆಲ್ಲ ಈ ಹನ್ನೆರಡು ಮೀಟುಗಳನ್ನೇ ತಡವುತ್ತಿದ್ದರೆ ಹಿರಿಯರು ತುಸು ತಾಳ್ಮೆ ತಾಳುವುದು ಒಳಿತು. ಸ್ವರಗಳು ಮೊದಲ ದಿನವೇ ಕೈಗೆ ಬರುತ್ತವೆ. ನಾಲ್ಕನೆಯ ಮೀಟು ಸರಿಯಾದ ಕ್ಷಣದಲ್ಲಿ ಬೀಳಲು, ಎರಡು ತಂತಿಗಳು ಒಂದಾಗಿ ನುಡಿಯಲು, ವಿರಾಮದಲ್ಲಿ ಕೈ ಸುಮ್ಮನಿರಲು ಬಹುಕಾಲ ಬೇಕಾಗುತ್ತದೆ. ಒಂದೇ ಬಾಗಿಲು ಎಳೆಯನನ್ನು ಒಳಗೆ ಕರೆಯುತ್ತದೆ, ಬಲಿತವನನ್ನು ಪರೀಕ್ಷಿಸುತ್ತದೆ.

ಮಾಂಟ್ರೋದ ಕ್ಯಾಸಿನೋ 1975ರಲ್ಲಿ ಮತ್ತೆ ತೆರೆಯಿತು. ಸರೋವರದ ದಡದಲ್ಲಿ ಆ ತಂಡದ ಸ್ಮಾರಕವೊಂದಿದೆ. ಅದರ ಮೇಲೆ ಹಾಡಿನ ಹೆಸರಿನೊಡನೆ ರಿಫ್‌ನ ಸ್ವರಲಿಪಿಯನ್ನೂ ಮೂಡಿಸಿದ್ದಾರೆ. ಒಂದು ಊರಿನ ನೆನಪಿಗೆ ಅಷ್ಟೇ ಸಾಕಾಯಿತು.