ಎಷ್ಟು ಬೇಕೆಂಬುದರ ವಿವೇಕ

ಗಣಕಯಂತ್ರದ ಆಟಗಳಿಗೆಂದು ಮಕ್ಕಳು ಗ್ರಾಫಿಕ್ಸ್ ಕಾರ್ಡ್ ಕೇಳುವುದು ಇಂದು ಅನೇಕ ಮನೆಗಳ ಮಾತಾಗಿದೆ. ಅಂಗಡಿಗೆ ಹೋದ ತಂದೆತಾಯಿಗಳ ಮುಂದೆ 8 ಜಿಬಿ, 12 ಜಿಬಿ, 16 ಜಿಬಿ ಎಂಬ ಅಂಕಿಗಳು ಬಂದು ನಿಲ್ಲುತ್ತವೆ. ಅಂಕಿ ದೊಡ್ಡದಾದಷ್ಟೂ ವಸ್ತು ಉತ್ತಮವೆಂಬ ಭಾವನೆ ಸಹಜವಾದುದು. ಆದರೆ ಪೂರ್ಣ ಸತ್ಯವಲ್ಲ. ದುಡಿದ ಹಣ ವ್ಯರ್ಥವಾಗಬಾರದು, ಮಗುವಿನ ಆಸೆಯೂ ಬಾಡಬಾರದು ಎನ್ನುವವರು ಈ ಅಂಕಿಯ ಮರ್ಮವನ್ನು ಅರಿಯಬೇಕು.

1920×1080 ಅಳತೆಯ ತೆರೆಯಲ್ಲಿ 20,73,600 ಬಿಂದುಗಳಿವೆ. ಬಿಂದುವೊಂದಕ್ಕೆ 4 ಬೈಟ್‌ನಂತೆ ಎಣಿಸಿದರೆ ಒಂದು ಚಿತ್ರಕ್ಕೆ ಸುಮಾರು 8 ಎಂಬಿ ಸಾಕು. ಹಾಗಾದರೆ ಇಷ್ಟೊಂದು ಮೆಮೊರಿ ಏತಕ್ಕೆ? ಗೋಡೆ, ಮರ, ಉಡುಪು, ಮುಖಗಳಿಗೆ ಹೊದಿಸುವ ಟೆಕ್ಸ್ಚರ್ ಚಿತ್ರಗಳೇ ಅದನ್ನು ಬಹುವಾಗಿ ತುಂಬುತ್ತವೆ. 4096×4096 ಅಳತೆಯ ಒಂದು ಟೆಕ್ಸ್ಚರ್ ಸಂಕುಚಿತಗೊಳಿಸಿದ ಮೇಲೂ ಸುಮಾರು 16 ಎಂಬಿ ಬೇಡುತ್ತದೆ. ರೇ ಟ್ರೇಸಿಂಗ್, ಫ್ರೇಮ್ ಜನರೇಷನ್ ಮುಂತಾದವು ಮತ್ತಷ್ಟು ಬೇಡುತ್ತವೆ.

ಮೆಮೊರಿ ಸಾಲದೆ ಹೋದರೆ ಕಾರ್ಡು ಗಣಕಯಂತ್ರದ ರ‍್ಯಾಮ್‌ನಿಂದ ಸಾಮಗ್ರಿ ತರಬೇಕಾಗುತ್ತದೆ. ಆರ್‌ಟಿಎಕ್ಸ್ 4060 ಟಿಐ ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 288 ಜಿಬಿ. ಹೊರಗಿನಿಂದ ತರುವ ಮಾರ್ಗದ ವೇಗ ಸುಮಾರು 16 ಜಿಬಿ. ಅಡಿಗೆಮನೆಯ ಡಬ್ಬಿ ಬರಿದಾಗಿ, ಹಿಡಿ ಜೋಳಕ್ಕೂ ಹಗೇವು ತೆರೆಯಬೇಕಾದ ಗೃಹಿಣಿಯ ಪಾಡು ಅದು. ಆಗ ಆಟ ತಡೆತಡೆದು ನಡೆಯುತ್ತದೆ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1' ಆಟದಲ್ಲಿ, ಉನ್ನತ ಟೆಕ್ಸ್ಚರ್ ಆರಿಸಿದ 8 ಜಿಬಿ ಕಾರ್ಡುಗಳು ಈ ತೊಂದರೆಯನ್ನು ಕಂಡವು.

ಇನ್ನೊಂದು ಮುಖವನ್ನೂ ನೋಡೋಣ. ಅದೇ 4060 ಟಿಐ 2023ರಲ್ಲಿ 8 ಜಿಬಿ ಮತ್ತು 16 ಜಿಬಿ ಎಂದು ಎರಡು ರೂಪಗಳಲ್ಲಿ ಬಂದಿತು. ಅಮೆರಿಕದಲ್ಲಿ ಅವುಗಳ ಆರಂಭದ ಬೆಲೆ 399 ಮತ್ತು 499 ಡಾಲರ್. ಚಿಪ್ ಒಂದೇ, ಮೆಮೊರಿಯ ವೇಗವೂ ಒಂದೇ. 8 ಜಿಬಿ ಸಾಲುವ ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮಾನವಾಗಿಯೇ ಓಡಿದವು. ಕಣಜ ದೊಡ್ಡದಾದ ಮಾತ್ರಕ್ಕೆ ಬೀಸುವ ಕೈ ಚುರುಕಾಗದು.

ಆದುದರಿಂದ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು, ಆಡುವ ಆಟಗಳ ಹೆಸರನ್ನೂ ತೆರೆಯ ಅಳತೆಯನ್ನೂ ಬರೆದುಕೊಳ್ಳಿರಿ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂತಹ ಸ್ಪರ್ಧೆಯ ಆಟಗಳಿಗೆ 1080ರ ತೆರೆಯಲ್ಲಿ 8 ಜಿಬಿ ಸಾಕು. ಹೊಸ ದೊಡ್ಡ ಆಟಗಳನ್ನು 1440ರ ತೆರೆಯಲ್ಲಿ ಆಡುವವರಿಗೆ 12 ಜಿಬಿಗಿಂತ ಕಡಿಮೆ ಬೇಡ. 4ಕೆ ತೆರೆಗೆ 16 ಜಿಬಿ ಲೇಸು. ಆಟ ನಡೆಯುವಾಗ ಮೆಮೊರಿ ತುಂಬಿದಂತೆ ತೋರಿದರೆ ಅಂಜಬೇಕಿಲ್ಲ. ಸ್ಥಳವಿದ್ದರೆ ಆಟಗಳು ಮುಂದಾಗಿಯೇ ಹಿಡಿದಿಟ್ಟುಕೊಳ್ಳುತ್ತವೆ. ಮನೆಯಲ್ಲಿ ಕಾರ್ಡು ಈಗಾಗಲೇ ಇದ್ದು ಆಟ ತಡವರಿಸುತ್ತಿದ್ದರೆ, ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿ ನೋಡಿರಿ. ತಡವರಿಕೆ ನಿಂತರೆ ಕೊರತೆ ಮೆಮೊರಿಯದೇ. ಖರ್ಚಿಲ್ಲದ ಪರಿಹಾರವೂ ಅದೇ.

ಒಂದು ಮಾತನ್ನು ಮಾತ್ರ ಮರೆಯಬಾರದು. ರ‍್ಯಾಮ್‌ನಂತೆ ಈ ಮೆಮೊರಿಯನ್ನು ಮುಂದೆ ಸೇರಿಸಲಾಗದು; ಅದು ಕಾರ್ಡಿಗೆ ಬೆಸೆದೇ ಬರುತ್ತದೆ. ಇಂದಿನ ಆಟವನ್ನಷ್ಟೇ ಅಲ್ಲ, ಮೂರು ನಾಲ್ಕು ವರುಷಗಳ ಬಳಕೆಯನ್ನು ಎಣಿಸಿ ಕೊಳ್ಳಿರಿ. ಆ ಎಣಿಕೆಯನ್ನು ಮಗುವೇ ಮಾಡಲೆಂದು ಬಿಡುವುದು ಇನ್ನೂ ಒಳಿತೆಂದು ನಾವು ಭಾವಿಸುತ್ತೇವೆ. ಬೇಕು ಮತ್ತು ಸಾಕುಗಳ ನಡುವಣ ಗೆರೆಯನ್ನು ತಾನೇ ಎಳೆಯಲು ಕಲಿತ ಮಗು, ಮುಂದೆ ತನ್ನ ಸಂಸಾರದ ಲೆಕ್ಕವನ್ನೂ ಹಾಗೆಯೇ ಬರೆಯಬಲ್ಲುದು.