ಹಕ್ಕಿ ನೋಡಲು ಯುಗಾಂಡಕ್ಕೆ

ದೂರದೇಶದ ಪ್ರಯಾಣವೆಂದರೆ ಒಂದು ಸಂಸಾರದ ಹಲವು ವರ್ಷಗಳ ಉಳಿತಾಯವು ಹದಿನಾಲ್ಕು ದಿನಗಳಲ್ಲಿ ವೆಚ್ಚವಾಗುವ ಕಾರ್ಯ. ಕಾಶಿಗೆ ಹೊರಡುವ ಮುನ್ನ ನಮ್ಮ ಹಿರಿಯರು ತಿಂಗಳುಗಟ್ಟಲೆ ಸಿದ್ಧತೆ ನಡೆಸುತ್ತಿದ್ದರು. ಪಕ್ಷಿಗಳನ್ನು ನೋಡುವುದಕ್ಕೆಂದೇ ಆಫ್ರಿಕಾ ಖಂಡಕ್ಕೆ ಹೋಗಬೇಕೆನ್ನುವ ಗೃಹಸ್ಥರಿಗೂ ಅಂಥ ಸಿದ್ಧತೆ ಅವಶ್ಯವೇ ಸರಿ. ಈ ತಿಂಗಳು ಯುಗಾಂಡ ದೇಶವನ್ನು ಮುಂದಿಟ್ಟುಕೊಂಡು ಆ ವಿಚಾರವಾಗಿ ನಾಲ್ಕು ಮಾತು ಬರೆಯುತ್ತೇವೆ.

ಯುಗಾಂಡವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅದರ ವಿಸ್ತೀರ್ಣ ಸುಮಾರು ೨,೪೧,೦೦೦ ಚದರ ಕಿಲೋಮೀಟರು. ನಮ್ಮ ಕರ್ನಾಟಕಕ್ಕಿಂತ ಕಾಲುಭಾಗ ಹೆಚ್ಚು, ಅಷ್ಟೆ. ಆದರೂ ಅಲ್ಲಿ ಸಾವಿರಕ್ಕೂ ಮಿಗಿಲಾದ ಪಕ್ಷಿಜಾತಿಗಳು ಕಂಡುಬಂದಿವೆ. ಕಾಂಗೋ ಕಡೆಯ ಮಳೆಕಾಡು ಪಶ್ಚಿಮದಿಂದ ಬಂದು ಇಲ್ಲಿ ಕೊನೆಗಾಣುತ್ತದೆ. ಪೂರ್ವ ಆಫ್ರಿಕದ ಹುಲ್ಲುಬಯಲು ಇಲ್ಲಿ ಮೊದಲಾಗುತ್ತದೆ. ಜತೆಗೆ ಎತ್ತರದ ಪರ್ವತಗಳೂ ವಿಕ್ಟೋರಿಯ ಮೊದಲಾದ ಮಹಾಸರೋವರಗಳೂ ಇವೆ. ಎರಡು ಸೀಮೆಗಳ ಹಕ್ಕಿಗಳು ಒಂದೇ ಅಂಗಳದಲ್ಲಿ ಕೂಡಿದಂತೆ ಆಗಿದೆ. ೧೯೬೨ರಲ್ಲಿ ಸ್ವತಂತ್ರವಾದ ಈ ದೇಶವು ತನ್ನ ಧ್ವಜದ ನಡುವೆ ಇರಿಸಿಕೊಂಡಿರುವುದೂ ಕಿರೀಟಧಾರಿಯಾದ ಒಂದು ಕ್ರೌಂಚಪಕ್ಷಿಯನ್ನೇ.

ಇಷ್ಟೊಂದು ಐಶ್ವರ್ಯವನ್ನು ಕೇಳಿದೊಡನೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ದಿನಕ್ಕೊಂದು ಊರೆಂದು ಪಟ್ಟಿಮಾಡಿಕೊಂಡು ಹೊರಟವರು ಹಕ್ಕಿಗಿಂತ ಹೆಚ್ಚಾಗಿ ರಸ್ತೆಯ ಧೂಳನ್ನೇ ಕಾಣುವರು. ವಿಮಾನವು ಇಳಿಯುವ ಎಂಟೆಬ್ಬೆಯಿಂದ ನೈರುತ್ಯದ ಬ್ವಿಂಡಿ ಕಾಡನ್ನು ಸೇರಲು ಇಡೀ ಒಂದು ಹಗಲು ಬೇಕು. ಆದಕಾರಣ ನಾಲ್ಕೇ ಸ್ಥಳಗಳನ್ನು ಆರಿಸಿಕೊಂಡು, ಒಂದೊಂದರಲ್ಲಿಯೂ ಸಾವಧಾನವಾಗಿ ನಿಲ್ಲುವುದು ಲೇಸೆಂದು ನಮ್ಮ ಅಭಿಪ್ರಾಯ. ಎಂಟೆಬ್ಬೆಯ ಸುತ್ತ ಎರಡು ದಿನ, ಕಿಬಾಲೆಯಲ್ಲಿ ಮೂರು, ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ ಎರಡು, ಬ್ವಿಂಡಿಯಲ್ಲಿ ನಾಲ್ಕು. ಉಳಿದ ಮೂರು ದಿನ ದಾರಿಗೆ ಸಲ್ಲುವುವು.

ಎಂಟೆಬ್ಬೆಯ ಸಮೀಪದಲ್ಲಿ, ವಿಕ್ಟೋರಿಯ ಸರೋವರದ ಅಂಚಿನಲ್ಲಿ, ಮಬಾಂಬ ಎಂಬ ಜೌಗುನೆಲವಿದೆ. ಮುಂಜಾನೆ ಚಿಕ್ಕ ದೋಣಿಯಲ್ಲಿ ಕುಳಿತು ಆಪುಹುಲ್ಲಿನ ನಡುವಣ ಕಾಲುವೆಗಳಲ್ಲಿ ಹೋದರೆ ಶೂಬಿಲ್ ಎಂಬ ಪಕ್ಷಿಯನ್ನು ಕಾಣಬಹುದು. ಮೂರೂವರೆ ಅಡಿಗೂ ಮೀರಿದ ಎತ್ತರ, ಬೂದುಬಣ್ಣ, ಮರದ ಪಾದರಕ್ಷೆಯಂತೆ ದಪ್ಪನಾದ ಕೊಕ್ಕು. ಕೆಸರಿನಲ್ಲಿರುವ ಶ್ವಾಸಕೋಶದ ಮೀನನ್ನು ಹಿಡಿಯಲು ಗಂಟೆಗಟ್ಟಲೆ ಕದಲದೆ ನಿಂತಿರುವುದು ಅದರ ಸ್ವಭಾವ. ಜಗತ್ತಿನಲ್ಲಿ ಈ ಹಕ್ಕಿಗಳು ಕೆಲವೇ ಸಾವಿರ ಉಳಿದಿವೆ. ಇದನ್ನು ಕಂಡರೆ ಅಂದು ಮೀನು ದೊರೆಯದೆಂದು ನಂಬಿ ಬೆಸ್ತರು ಹಿಂದೆ ಇದನ್ನು ಕೊಲ್ಲುತ್ತಿದ್ದರು. ಇಂದು ಅದೇ ಊರವರು ದೋಣಿ ನಡೆಸಿ, ಹಕ್ಕಿಯನ್ನು ತೋರಿಸಿ, ಅದರಿಂದ ಬಂದ ಹಣದಲ್ಲಿ ಸಂಸಾರ ನಡೆಸುತ್ತಾರೆ. ಆದುದರಿಂದ ಹಕ್ಕಿಯನ್ನೂ ಕಾಯುತ್ತಾರೆ.

ಕಿಬಾಲೆಯ ಕಾಡಿನಲ್ಲಿ ಹಸುರೆದೆಯ ಪಿಟ್ಟವನ್ನು ನೋಡಬೇಕಾದರೆ ನಸುಕಿಗೆ ಮೊದಲೇ ಎದ್ದು ನಡೆಯಬೇಕು. ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ ಆರುನೂರಕ್ಕೂ ಮೇಲ್ಪಟ್ಟು ಪಕ್ಷಿಜಾತಿಗಳುಂಟು. ಎರಡು ಸರೋವರಗಳನ್ನು ಕೂಡಿಸುವ ಕಜಿಂಗ ಕಾಲುವೆಯ ದೋಣಿಯಾತ್ರೆ ಮಕ್ಕಳಿಗೂ ವೃದ್ಧರಿಗೂ ಸುಲಭವಾದುದು. ೧೯೯೪ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬ್ವಿಂಡಿಯಲ್ಲಿ ಸುಮಾರು ೩೫೦ ಜಾತಿಗಳಿವೆ. ಅಲ್ಲಿಯ ರುಹಿಜ ಎಂಬ ಎತ್ತರದ ಊರಿನಿಂದ ಕಡಿದಾದ ಹಾದಿಯಲ್ಲಿ ಇಳಿದರೆ, ಇಲ್ಲಿಯೂ ಪೂರ್ವ ಕಾಂಗೋವಿನಲ್ಲಿಯೂ ಹೊರತು ಮತ್ತೆಲ್ಲಿಯೂ ಇಲ್ಲದ ಹಸುರು ಬ್ರಾಡ್‌ಬಿಲ್ ಹಕ್ಕಿಯ ನೆಲೆ. ಇಳಿದದ್ದನ್ನು ಮತ್ತೆ ಹತ್ತಬೇಕು. ಮೊಣಕಾಲಿನ ಬಲವನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವುದು ಒಳಿತು. ರಾತ್ರಿ ಚಳಿಯಿರುವುದರಿಂದ ಉಣ್ಣೆಯ ಅಂಗಿಯೂ ಬೇಕು.

ಡಿಸೆಂಬರಿನಿಂದ ಫೆಬ್ರವರಿವರೆಗೆ, ಜೂನಿನಿಂದ ಆಗಸ್ಟಿನವರೆಗೆ, ಮಳೆ ಕಡಮೆ. ಮೊದಲನೆಯ ಅವಧಿಯಲ್ಲಿ ಯೂರೋಪಿನಿಂದ ವಲಸೆ ಬಂದ ಹಕ್ಕಿಗಳೂ ಇರುವುವು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡು ಪತ್ರವನ್ನು ಜತೆಗಿರಿಸಿಕೊಳ್ಳತಕ್ಕದ್ದು. ಅದಿಲ್ಲದೆ ಹಿಂದಿರುಗಿದವರನ್ನು ನಮ್ಮ ದೇಶದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕೆಂದು ೨೦೧೬ರಿಂದ ನಿಯಮವಿದೆ. ಅರವತ್ತು ದಾಟಿದವರು ಮೊದಲು ವೈದ್ಯರನ್ನು ಕೇಳಬೇಕು. ಮಲೇರಿಯದ ಮಾತ್ರೆಯ ವಿಚಾರವನ್ನೂ ಆಗಲೇ ಕೇಳಿ ತಿಳಿಯಬಹುದು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ತಲೆಗೊಂದಿದ್ದರೆ ಮನೆಮಂದಿಯಲ್ಲಿ ಜಗಳವಿರದು. ಸ್ಟೀವನ್‌ಸನ್ ಮತ್ತು ಫ್ಯಾನ್‌ಶಾ ಎಂಬವರು ಬರೆದ ಪೂರ್ವ ಆಫ್ರಿಕದ ಪಕ್ಷಿಗಳ ಸಚಿತ್ರ ಗ್ರಂಥವನ್ನು ಮೊದಲೇ ತಂದು ಸಂಜೆಯ ಹೊತ್ತು ಎಲ್ಲರೂ ಕೂಡಿ ತಿರುವಿಹಾಕುವುದು ಉತ್ತಮ. ಗಡಿಯ ಕಡೆಯ ಪ್ರದೇಶಗಳ ವಿಷಯವಾಗಿ ಸರ್ಕಾರದ ಎಚ್ಚರಿಕೆಗಳನ್ನು ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡತಕ್ಕದ್ದು.

ಕೊನೆಯದಾಗಿ ಹಣದ ಮಾತು. ಎಷ್ಟು ವೆಚ್ಚವಾಗುವುದೆಂದು ಎಲ್ಲರೂ ಕೇಳುತ್ತಾರೆ. ಅದು ಯಾರ ಕೈಸೇರುವುದೆಂದು ಕೇಳುವವರು ವಿರಳ. ೧೯೯೧ರಲ್ಲಿ ಬ್ವಿಂಡಿಯನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದಾಗ, ಆ ಕಾಡಿನಲ್ಲಿ ಬೇಟೆಯಿಂದಲೂ ಜೇನಿನಿಂದಲೂ ತಲೆತಲಾಂತರವಾಗಿ ಬಾಳಿದ ಬಟ್ವ ಜನರನ್ನು ಹೊರಗೆ ಕಳುಹಿಸಲಾಯಿತು. ಪರಿಹಾರವಾಗಿ ಭೂಮಿ ದೊರೆತವರು ಅವರಲ್ಲಿ ಕಡಮೆ. ಉದ್ಯಾನಗಳ ಪ್ರವೇಶಶುಲ್ಕದಲ್ಲಿ ನೂರಕ್ಕೆ ೨೦ ಪಾಲು ನೆರೆಯ ಗ್ರಾಮಗಳಿಗೆ ಸಲ್ಲಬೇಕೆಂಬ ಕಾನೂನು ಅಲ್ಲಿದೆಯಾದರೂ, ಪ್ರವಾಸಿಯ ಹಣದ ದೊಡ್ಡ ಪಾಲು ವಿಮಾನಕ್ಕೂ ದೊಡ್ಡ ವಸತಿಗೃಹಗಳಿಗೂ ಹೋಗುವುದು ಸಾಮಾನ್ಯ. ಆದುದರಿಂದ ಮಾರ್ಗದರ್ಶಕರನ್ನು ಆ ಊರಿನವರಿಂದಲೇ ಆರಿಸಿಕೊಳ್ಳಬೇಕು. ಈ ಕಸುಬಿನಲ್ಲಿ ನುರಿತ ಹೆಂಗಸರೂ ಅಲ್ಲಿದ್ದಾರೆ. ದೋಣಿಯವನ ಕೂಲಿಯಲ್ಲಿ ಚೌಕಾಸಿ ಬೇಡ. ಹಕ್ಕಿಯನ್ನು ಹತ್ತಿರಕ್ಕೆ ಸೆಳೆಯಲು ಅದರ ಕೂಗನ್ನು ಯಂತ್ರದಿಂದ ಮತ್ತೆ ಮತ್ತೆ ನುಡಿಸಬಾರದೆಂದು ಮೊದಲೇ ಹೇಳಿಡಬೇಕು. ಮಬಾಂಬದ ಬೆಸ್ತರ ಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಶೂಬಿಲ್ ಹಕ್ಕಿಯೂ ಉಳಿಯುವುದು. ನಮ್ಮ ಮಕ್ಕಳು ದೊಡ್ಡವರಾಗಿ ಹೋದಾಗ ಅವರಿಗೂ ಕಾಣಲು ಅದು ಅಲ್ಲಿರುವುದು.